ಕಲ್ಲಿದ್ದಲು ನಮ್ಮದು, ಗುಂಡಿ ಅವರ ಊರಲ್ಲಿ: ಗಣಿಯ ಪರಿಸರ ಅನುಮತಿ ಕನ್ನಡಿಗರಿಗೂ ಗೊತ್ತಾಗಲಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಬಂದರೆ ಸಾಕು, ಎಲ್ಲ ಪತ್ರಿಕೆಗಳಲ್ಲೂ ಒಂದು ಸುದ್ದಿ ಬಂದೇ ಬರುತ್ತದೆ. ರಾಯಚೂರಿನ ಆರ್‌ಟಿಪಿಎಸ್ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಇಷ್ಟು ದಿನಕ್ಕಾಗುವಷ್ಟು ಕಲ್ಲಿದ್ದಲು ಇದೆ, ಬಳ್ಳಾರಿಯಲ್ಲಿ ಇಷ್ಟಿದೆ, ಯರಮರಸ್‌ನಲ್ಲಿ ಇಷ್ಟಿದೆ, ಇವತ್ತು ಇಷ್ಟು ರೇಕ್ (ಕಲ್ಲಿದ್ದಲಿನ ಗೂಡ್ಸ್ ರೈಲು) ಬಂತು, ನಾಳೆ ಇಷ್ಟು ಬರಬೇಕು. ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ನಾನು ರಾಯಚೂರಿನವನು, ಆ ಸುದ್ದಿಯನ್ನು ತಪ್ಪದೆ ಓದುತ್ತೇನೆ. ಇಲ್ಲಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಫ್ಯಾನ್ ನಿಂತರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಲ್ಲಿದ್ದಲು ಯಾರ ನೆಲ ಅಗೆದು ಬಂತು, ಅಗೆಯುವುದಕ್ಕೆ ಪರಿಸರ ಅನುಮತಿ ಹೇಗೆ ಸಿಕ್ಕಿತು, ಆ ಊರಿನವರು ಸಭೆಯಲ್ಲಿ ಏನಂದರು, ಅವರು ಅಂದಿದ್ದನ್ನು ಯಾರಾದರೂ ಕೇಳಿದರಾ? ಇದರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಜಾಗ ಸಾಲದಿದ್ದರೆ ಕತ್ತರಿ ಹಾಕಿ, ಬೇಜಾರಿಲ್ಲ. ಮಹಾರಾಷ್ಟ್ರದಲ್ಲಿರುವ, ಆದರೆ ಕರ್ನಾಟಕ ಸರ್ಕಾರದ್ದೇ ಆದ ಬರಾಂಜ್ ಗಣಿಯ ವಿಷಯ ಮಾತ್ರ ದಯವಿಟ್ಟು ಬಿಡಬೇಡಿ.

ಮೊದಲು ಒಂದು ಲೆಕ್ಕ. ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ಕಬ್ಬಿಣದ ಅದಿರಿದೆ, ಚಿನ್ನ ಇದೆ, ಮ್ಯಾಂಗನೀಸ್ ಇದೆ, ಕಲ್ಲಿದ್ದಲು ಇಲ್ಲ. ಆದರೂ ರಾಜ್ಯ ಸರ್ಕಾರದ ವಿದ್ಯುತ್ ಉತ್ಪಾದನಾ ಸಂಸ್ಥೆ ಕೆಪಿಸಿಎಲ್ ಮತ್ತು ಅದರ ಅಂಗಸಂಸ್ಥೆಯ ಮೂರು ಶಾಖೋತ್ಪನ್ನ ಕೇಂದ್ರಗಳು, ಅಂದರೆ ಶಕ್ತಿನಗರದ (ಆರ್‌ಟಿಪಿಎಸ್) 1,720 ಮೆಗಾವಾಟ್, ಬಳ್ಳಾರಿ ಹತ್ತಿರದ ಕುಡಿತಿನಿಯ 1,700, ಯರಮರಸ್‌ನ 1,600, ಎಲ್ಲ ಸೇರಿದರೆ 5,000 ಮೆಗಾವಾಟ್ ದಾಟುತ್ತದೆ. ಶಕ್ತಿನಗರದ ಎಲ್ಲ ಘಟಕಗಳೂ ಪೂರ್ತಿ ಓಡಿದರೆ ಅದೊಂದಕ್ಕೇ ದಿನಕ್ಕೆ 25,000 ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ಬೇಕು. ಒಂದು ರೇಕ್ ಅಂದರೆ ಸುಮಾರು 4,000 ಟನ್. ಅದೆಲ್ಲ ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನಿಂದ, ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್‌ನಿಂದ ಬರುತ್ತದೆ. ಇವೆಲ್ಲ ಕೊಂಡುಕೊಳ್ಳುವ ಕಲ್ಲಿದ್ದಲು. ದುಡ್ಡು ಕೊಟ್ಟೆವು, ತಂದೆವು, ಗಣಿ ಅವರದು ಅಂತ ಸುಮ್ಮನಿರಬಹುದು.

ಆದರೆ ಒಂದು ಗಣಿಯ ವಿಷಯದಲ್ಲಿ ಹಾಗೆ ಸುಮ್ಮನಿರುವಂತಿಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ (ನಮ್ಮ ಶಿವಮೊಗ್ಗದ ಭದ್ರಾವತಿ ಅಲ್ಲ, ಇದು ವಿದರ್ಭದ್ದು) ಬರಾಂಜ್ ಅಂತ ಒಂದು ತೆರೆದ ಗಣಿ ಇದೆ. ಅದು ಕರ್ನಾಟಕ ಸರ್ಕಾರದ ಗಣಿ. ಬಳ್ಳಾರಿ ಸ್ಥಾವರಕ್ಕೆ ಕಲ್ಲಿದ್ದಲು ಬೇಕು ಅಂತ ಕೇಂದ್ರದಿಂದ ಕೆಪಿಸಿಎಲ್‌ಗೆ ಸಿಕ್ಕ ಬ್ಲಾಕ್‌ಗಳು (ಗಣಿಗೆಂದು ಗುರುತಿಸಿದ ಜಾಗಗಳು) ಅವು. ಮೊದಲು ಒಂದು ಜಂಟಿ ಕಂಪನಿ ಮಾಡಿಕೊಂಡು ಗಣಿ ನಡೆಸಿದರು, ಅದರಲ್ಲಿ ದೊಡ್ಡ ಪಾಲು ಖಾಸಗಿಯವರದು. 2014ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ ದೇಶದ 214 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿತಲ್ಲ, ಅದರಲ್ಲಿ ಇವೂ ಹೋದವು. ಆಮೇಲೆ 2015ರಲ್ಲಿ ಅವೇ ಬ್ಲಾಕ್‌ಗಳು ಮತ್ತೆ ಕೆಪಿಸಿಎಲ್‌ಗೇ ಬಂದವು. ವರ್ಷಗಟ್ಟಲೆ ಗಣಿ ನಿಂತಿತ್ತು, ಮತ್ತೆ ಶುರುವಾಯಿತು. ಅಲ್ಲಿಯ ಬರಾಂಜ್ ಮೊಕಾಸಾ ಗ್ರಾಮದವರು ಪುನರ್ವಸತಿ ಕೊಡಿ, ನ್ಯಾಯವಾದ ಪರಿಹಾರ ಕೊಡಿ ಅಂತ ಹೋರಾಟ ಮಾಡುತ್ತಲೇ ಬಂದಿದ್ದಾರೆ. ಮರಾಠಿ ಪತ್ರಿಕೆಗಳಲ್ಲಿ ಅದು ಬರುತ್ತದೆ. ಅವರ ಹೋರಾಟ ಕರ್ನಾಟಕ ಸರ್ಕಾರದ ಸಂಸ್ಥೆಯ ಎದುರು. ಇದು ಎಷ್ಟು ಜನ ಕನ್ನಡಿಗರಿಗೆ ಗೊತ್ತು?

ಚಂದ್ರಾಪುರ ಎಂಥ ಜಾಗ ಅಂತಲೂ ಸ್ವಲ್ಪ ಹೇಳಬೇಕು. ಒಂದು ಕಡೆ ತಾಡೋಬಾ ಹುಲಿ ಕಾಡು. ಇನ್ನೊಂದು ಕಡೆ ಸಾಲು ಸಾಲು ಕಲ್ಲಿದ್ದಲು ಗಣಿ, ದೊಡ್ಡ ಶಾಖೋತ್ಪನ್ನ ಸ್ಥಾವರ, ಸಿಮೆಂಟ್ ಕಾರ್ಖಾನೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಿತು. 70 ದಾಟಿದರೆ ಪರಿಸ್ಥಿತಿ ತೀರಾ ಕೆಟ್ಟಿದೆ ಅಂತ ಲೆಕ್ಕ. ಚಂದ್ರಾಪುರಕ್ಕೆ ಬಂದದ್ದು 83.88. 2010ರ ಜನವರಿಯಲ್ಲಿ ಅಂಥ ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವುದನ್ನೇ ಕೇಂದ್ರ ಕೆಲಕಾಲ ನಿಲ್ಲಿಸಿತ್ತು. ನಮ್ಮ ಗಣಿ ಇರುವುದು ಅಂಥ ಜಿಲ್ಲೆಯಲ್ಲಿ.

ಈಗ ಅನುಮತಿಯ ವಿಷಯಕ್ಕೆ ಬರುತ್ತೇನೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಇದಕ್ಕೆಲ್ಲ ಬುಡ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದದ್ದು. ದೊಡ್ಡ ಕಲ್ಲಿದ್ದಲು ಗಣಿ ಆದರೆ ಅರ್ಜಿ ದೆಹಲಿಗೆ ಹೋಗುತ್ತದೆ. ಏನೇನು ಅಧ್ಯಯನ ಮಾಡಬೇಕು ಅಂತ ತಜ್ಞರ ಸಮಿತಿ ಮೊದಲು ಹೇಳುತ್ತದೆ. ಕಂಪನಿ ಒಬ್ಬ ಸಲಹೆಗಾರನನ್ನು ಹಿಡಿದು ಪರಿಸರ ಪರಿಣಾಮದ ವರದಿ ಮಾಡಿಸುತ್ತದೆ. ಆಮೇಲೆ ಗಣಿ ಬರುವ ಜಾಗದಲ್ಲಿ ಅಥವಾ ಅದರ ಹತ್ತಿರ ಸಾರ್ವಜನಿಕ ಆಲಿಕೆ ಸಭೆ. ಆಮೇಲೆ ಮತ್ತೆ ಸಮಿತಿ, ಅದರ ಶಿಫಾರಸು, ಸಚಿವಾಲಯದ ಸಹಿ. ಓದುವುದಕ್ಕೆ ಚೆನ್ನಾಗಿದೆ. ಆದರೆ ಒಳಗೆ ಇಳಿದು ನೋಡಿದರೆ ಸುಸ್ತಾಗುತ್ತದೆ.

ವರದಿ ಮಾಡುವ ಸಲಹೆಗಾರನಿಗೆ ದುಡ್ಡು ಕೊಡುವವರು ಯಾರು? ಗಣಿ ಬೇಕು ಅನ್ನುವ ಕಂಪನಿಯೇ. ಗಣಿ ಬೇಡ ಅಂತ ಬರೆಯುವ ಸಲಹೆಗಾರನಿಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ? ಹೆಣ್ಣು ನೋಡುವ ಶಾಸ್ತ್ರಕ್ಕೆ ಮದುವೆ ದಲ್ಲಾಳಿಯೇ ಜಾತಕ ಬರೆದು ತಂದ ಹಾಗೆ ಇದು. ಮಹಾರಾಷ್ಟ್ರದ ರತ್ನಗಿರಿಯಲ್ಲಿ ಒಂದು ಬಾಕ್ಸೈಟ್ ಗಣಿಗೆ ಸಲ್ಲಿಸಿದ ವರದಿಯಲ್ಲಿ ಸ್ಪ್ರೂಸ್, ಬರ್ಚ್ ಮರಗಳ ಕಾಡಿನ ವಿವರ ಇತ್ತು. ಕೊಂಕಣದಲ್ಲಿ ಸ್ಪ್ರೂಸ್ ಮರ! ಆಮೇಲೆ ನೋಡಿದರೆ ಅದು ರಷ್ಯಾದ ಒಂದು ಬಾಕ್ಸೈಟ್ ಗಣಿಯ ವರದಿಯಿಂದ ಎತ್ತಿದ್ದು. ಅದು ಕಲ್ಲಿದ್ದಲಲ್ಲ, ನಿಜ, ಆದರೆ ನಿಯಮ ಅದೇ, ಪದ್ಧತಿ ಅದೇ. ಆಮೇಲೆ ಸಲಹೆಗಾರರಿಗೆ ಮಾನ್ಯತೆ ಪತ್ರ ಬೇಕು ಅಂತ ಮಾಡಿದರು. ದುಡ್ಡು ಕೊಡುವ ಕೈ ಮಾತ್ರ ಬದಲಾಗಲಿಲ್ಲ.

ಇನ್ನೊಂದು ವಿಷಯ, ನನಗೆ ಇದು ಜಾಸ್ತಿ ಕಾಡುತ್ತದೆ. ಗಾಳಿ, ನೀರು, ಶಬ್ದದ ಲೆಕ್ಕ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಅದೂ ಮಳೆಗಾಲ ಬಿಟ್ಟು. ತೆರೆದ ಗಣಿ ಹೇಗಿರುತ್ತದೆ ಅಂತ ನೋಡಿದವರಿಗೆ ಇದು ಎಷ್ಟು ವಿಚಿತ್ರ ಅಂತ ತಿಳಿಯುತ್ತದೆ. ನೆಲದೊಳಗೆ ಸುರಂಗ ಕೊರೆಯುವುದು ಈಗ ಕಡಿಮೆ. ದೇಶದ ಕಲ್ಲಿದ್ದಲಿನಲ್ಲಿ ಶೇ 90ಕ್ಕಿಂತ ಜಾಸ್ತಿ ತೆರೆದ ಗಣಿಗಳಿಂದಲೇ ಬರುತ್ತದೆ. ಮೇಲಿನ ಮಣ್ಣು, ಕಲ್ಲು, ಎಲ್ಲವನ್ನೂ ಸಿಡಿಮದ್ದು ಇಟ್ಟು ಸಡಿಲ ಮಾಡಿ, ದೊಡ್ಡ ದೊಡ್ಡ ಶಾವೆಲ್‌ಗಳಲ್ಲಿ ತೆಗೆದು ಪಕ್ಕಕ್ಕೆ ಗುಡ್ಡೆ ಹಾಕುತ್ತಾರೆ. ಎಷ್ಟೋ ಕಡೆ ಒಂದು ಟನ್ ಕಲ್ಲಿದ್ದಲಿಗೆ ಮೂರು ನಾಲ್ಕು ಘನ ಮೀಟರ್ ಮಣ್ಣು ತೆಗೆಯಬೇಕು. ಆ ಗುಡ್ಡೆ ಊರಿನ ಬೆನ್ನಿಗೇ ಬೆಳೆಯುತ್ತದೆ. ಗುಂಡಿ ಆಳ ಆದ ಹಾಗೆ ಸುತ್ತಲ ನೀರು ಅದರೊಳಗೆ ಇಳಿಯುತ್ತದೆ, ಗಣಿಯವರು ಪಂಪ್ ಇಟ್ಟು ಹೊರಗೆ ಹಾಕುತ್ತಾರೆ, ಊರಿನ ಬಾವಿ, ಬೋರ್‌ವೆಲ್ ಬತ್ತುತ್ತವೆ. ಮಳೆ ಬಂದಾಗ ಆ ಗುಡ್ಡೆಯ ಮಣ್ಣು ಕೊಚ್ಚಿಕೊಂಡು ಹೊಲಕ್ಕೆ, ಹಳ್ಳಕ್ಕೆ ಬರುತ್ತದೆ. ಅಂದರೆ ಗಣಿಯ ನಿಜವಾದ ಬಣ್ಣ ಗೊತ್ತಾಗುವುದು ಮಳೆಗಾಲದಲ್ಲಿ. ಲೆಕ್ಕ ತೆಗೆದುಕೊಳ್ಳುವುದು ಮಾತ್ರ ಮಳೆಗಾಲ ಬಿಟ್ಟು!

ಸಾರ್ವಜನಿಕ ಆಲಿಕೆ ಸಭೆ. ಇಡೀ ಪ್ರಕ್ರಿಯೆಯಲ್ಲಿ ಊರಿನ ಜನ ಬಾಯಿ ಬಿಡಲು ಇರುವ ಜಾಗ ಇದೊಂದೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆ ಇಲ್ಲದವರು ಕೂರಬೇಕು. 30 ದಿನ ಮೊದಲೇ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಇಡೀ ಸಭೆಯ ವಿಡಿಯೊ ತೆಗೆಯಬೇಕು. ಇಷ್ಟೆಲ್ಲ ಬರೆದವರು ಒಂದು ಸಾಲು ಸೇರಿಸಿದ್ದಾರೆ: ಸಭೆ ಶುರು ಮಾಡಲು ಇಂತಿಷ್ಟೇ ಜನ ಇರಬೇಕು ಅಂತ ಇಲ್ಲ, ಕೋರಂ ಬೇಕಿಲ್ಲ. ಅಂದರೆ ಯಾರೂ ಬರದಿದ್ದರೂ ಶಾಮಿಯಾನ ಹಾಕಿ, ಮೈಕ್ ಇಟ್ಟು, ಸಭೆ ನಡೆಯಿತು ಅಂತ ಬರೆದುಕೊಂಡು ಹೋಗಬಹುದು. ನಮ್ಮ ಗ್ರಾಮ ಸಭೆಗೂ ಕೋರಂ ಇದೆ. ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೂ ಇದೆ. ಊರಿಗೆ ಊರನ್ನೇ ಎಬ್ಬಿಸುವ ಗಣಿಯ ಸಭೆಗೆ ಇಲ್ಲ.

ಇನ್ನು ಸಭೆಗೆ ಬರುವವರು ಓದಿಕೊಂಡು ಬರಬೇಕು ಅಲ್ವಾ? ನೂರಾರು ಪುಟದ ವರದಿ ಇಂಗ್ಲಿಷ್‌ನಲ್ಲಿ ಇರುತ್ತದೆ. ಅದರ ಸಾರಾಂಶ ಮಾತ್ರ ರಾಜ್ಯದ ಭಾಷೆಯಲ್ಲಿ ಕೊಟ್ಟರೆ ಸಾಕು. ಸಾರಾಂಶದಲ್ಲಿ ಎಷ್ಟು ಜನಕ್ಕೆ ಕೆಲಸ, ಎಷ್ಟು ಗಿಡ ನೆಡುತ್ತೇವೆ, ಎಷ್ಟು ಕೋಟಿ ಖರ್ಚು ಅಂತ ಇರುತ್ತದೆ. ನಿಮ್ಮ ಬಾವಿ ಎಷ್ಟನೇ ವರ್ಷದಲ್ಲಿ ಬತ್ತುತ್ತದೆ ಅಂತ ತಿಳಿಯಬೇಕಾದರೆ ಇಂಗ್ಲಿಷ್ ವರದಿಯ ಯಾವುದೋ ಅನುಬಂಧದಲ್ಲಿ ಹುಡುಕಬೇಕು. ಗೋಂಡಿ ಮಾತಾಡುವ ಅಜ್ಜಿ ಅದನ್ನು ಹುಡುಕುತ್ತಾಳಾ?

ಭಾಷೆಯ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯ ಸಂಗತಿ ಇದೆ, ಬಹಳ ಜನ ಮರೆತಿದ್ದಾರೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಈ 2006ರ ಅಧಿಸೂಚನೆಯ ಬದಲಿಗೆ ಹೊಸ ಕರಡು ತಂದಿತು. ಲಾಕ್‌ಡೌನ್ ಕಾಲ. ಆಲಿಕೆ ಸಭೆಗೆ ಕೊಡುವ 30 ದಿನದ ನೋಟಿಸನ್ನು 20 ದಿನಕ್ಕೆ ಇಳಿಸಬೇಕು ಅಂತ ಅದರಲ್ಲಿತ್ತು. ಅನುಮತಿ ಇಲ್ಲದೆ ಶುರು ಮಾಡಿದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವ ದಾರಿಯೂ ಇತ್ತು. ದೆಹಲಿ ಹೈಕೋರ್ಟ್ ಆ ಕರಡನ್ನು ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿ ಅಂತ ಹೇಳಿತು. ಕೇಂದ್ರ ಮಾಡಲಿಲ್ಲ. ಆಗ ನಮ್ಮ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಒಂದು ಪರಿಸರ ಸಂಘಟನೆಯ ಅರ್ಜಿಯ ಮೇಲೆ, 2020ರ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸಬಾರದು ಅಂತ ತಡೆ ಕೊಟ್ಟಿತು. ಕರಡು ಅಲ್ಲಿಗೇ ನಿಂತಿತು.

ನಿಂತಿತು ಅಂತ ಖುಷಿಪಡಬೇಡಿ. ಮುಂಬಾಗಿಲಿಂದ ಬರಲಾಗದ್ದು ಹಿತ್ತಿಲ ಬಾಗಿಲಿಂದ ಬರುತ್ತಿದೆ. ಒಂದೊಂದೇ ತಿದ್ದುಪಡಿ, ಒಂದೊಂದೇ ಕಚೇರಿ ಆದೇಶ. ಕಲ್ಲಿದ್ದಲಿನಲ್ಲಿ ಇದು ತುಂಬ ಸ್ಪಷ್ಟವಾಗಿ ಕಾಣುತ್ತದೆ. 2012ರಿಂದಲೇ ಇದು ಶುರು. ಈಗಾಗಲೇ ಅನುಮತಿ ಇರುವ ಗಣಿ ಉತ್ಪಾದನೆಯನ್ನು ಶೇ 25 ಹೆಚ್ಚಿಸುವುದಾದರೆ ಹೊಸ ಆಲಿಕೆ ಸಭೆ ಬೇಡ ಅಂದರು. 2017ರಲ್ಲಿ ಹಂತ ಹಂತವಾಗಿ ಶೇ 40ರವರೆಗೆ ಬೇಡ ಅಂದರು. 2022ರ ಏಪ್ರಿಲ್‌ನಲ್ಲಿ ಕಲ್ಲಿದ್ದಲು ಕೊರತೆ ಬಂತು, ಊರೂರಲ್ಲಿ ಲೋಡ್ ಶೆಡ್ಡಿಂಗ್ ಆಯಿತು, ನೆನಪಿರಬೇಕು. ಮೇ ತಿಂಗಳಲ್ಲಿ ಆದೇಶ ಬಂತು, ಶೇ 40ರವರೆಗೆ ಹೆಚ್ಚಿಸಿಕೊಂಡ ಗಣಿಗಳು ಶೇ 50ರವರೆಗೂ ಹೋಗಬಹುದು, ಜನರನ್ನು ಕೇಳಬೇಕಿಲ್ಲ. ಅದೇ ವರ್ಷ ಗಣಿಗೆ ಕೊಡುವ ಪರಿಸರ ಅನುಮತಿಯ ಅವಧಿಯನ್ನೂ 30 ವರ್ಷದಿಂದ 50 ವರ್ಷದವರೆಗೆ ಹಿಗ್ಗಿಸಿದರು. ಅಂದರೆ ಇವತ್ತು ಶಾಮಿಯಾನದ ಕೆಳಗೆ ಕೂತು ಮಾತಾಡಿದ ಯುವಕ ಅಜ್ಜ ಆಗುವವರೆಗೂ ಆ ಒಂದು ದಿನದ ಮಾತೇ ಸಾಕು ಅಂತ.

ಈ 2022ರ ಆದೇಶದಲ್ಲಿ ನಮ್ಮ ಪಾಲು ಎಷ್ಟು ಅಂತ ಯೋಚಿಸಿ. ಕೊರತೆ ಅಂತ ಕೂಗಿದವರು ನಾವು. ರಾಯಚೂರಿನಲ್ಲಿ, ಬೆಂಗಳೂರಿನಲ್ಲಿ ಕರೆಂಟ್ ಹೋದರೆ ಟಿವಿಯಲ್ಲಿ ಚರ್ಚೆ ಆಗುತ್ತದೆ. ಆ ಚರ್ಚೆಯ ಬಿಸಿಯಲ್ಲೇ ಇನ್ನೊಂದು ರಾಜ್ಯದ ಹಳ್ಳಿಯವರ ಮಾತನಾಡುವ ಹಕ್ಕು ಕರಗಿತು. ಕರೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಆರ್‌ಟಿಪಿಎಸ್ ನಂಬಿಕೊಂಡ ಕುಟುಂಬಗಳು ನಮ್ಮ ನೆಂಟರಲ್ಲೇ ಇದ್ದಾರೆ. ಸೋಲಾರ್ ಬಂತು, ಪಾವಗಡ ಬಂತು, ಒಳ್ಳೆಯದೇ, ಆದರೆ ರಾತ್ರಿ ಎಂಟು ಗಂಟೆಗೆ ದೀಪ ಹಚ್ಚಲು ಇನ್ನೂ ಕೆಲವು ವರ್ಷ ಕಲ್ಲಿದ್ದಲು ಬೇಕು. ಸರಿ. ಬೇಕು ಅನ್ನುವವರು ಅದರ ಕಾಗದ ಪತ್ರ ಸರಿ ಇದೆಯಾ ಅಂತ ಕೇಳಲೂ ಬೇಕು.

ಇನ್ನೊಂದು ರಾಜ್ಯದ ಕಲ್ಲಿದ್ದಲನ್ನು ನಮ್ಮದು ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಛತ್ತೀಸಗಡದ ಹಸ್‌ದೇವ್ ಅರಣ್ಯದ ಕಥೆ ಇದೆ. ಸುಮಾರು 1,70,000 ಹೆಕ್ಟೇರ್ ಕಾಡು, ಆನೆಗಳು ಓಡಾಡುವ ದಾರಿ, ಗೋಂಡ ಸಮುದಾಯದವರ ಊರುಗಳು. ಕೆಳಗೆ ಕಲ್ಲಿದ್ದಲು. ಒಂದು ಕಾಲಕ್ಕೆ ಪರಿಸರ ಸಚಿವಾಲಯವೇ ಇಲ್ಲಿ ಗಣಿಗೆ ಪ್ರವೇಶ ಇಲ್ಲ ಅಂತ ಗುರುತು ಮಾಡಿತ್ತು. ಅಲ್ಲಿಯ ಪರ್ಸಾ ಈಸ್ಟ್ ಕೇತೆ ಬಾಸೇನ್ ಬ್ಲಾಕ್ ರಾಜಸ್ಥಾನದ ವಿದ್ಯುತ್ ನಿಗಮಕ್ಕೆ ಸೇರಿದ್ದು. ರಾಜಸ್ಥಾನ ಎಲ್ಲಿ, ಸರ್ಗುಜಾ ಎಲ್ಲಿ! ಗಣಿಗಾಗಿ ಮಾಡಿದ ಜಂಟಿ ಕಂಪನಿಯಲ್ಲಿ ರಾಜಸ್ಥಾನದ ಪಾಲು ಶೇ 26, ಅದಾನಿ ಸಮೂಹದ್ದು ಶೇ 74. ನಮ್ಮ ಬರಾಂಜ್‌ನ ಮೊದಲ ಕಂಪನಿಯ ಹಾಗೆಯೇ.

2011ರ ಜೂನ್‌ನಲ್ಲಿ ಅರಣ್ಯ ಸಲಹಾ ಸಮಿತಿ ಈ ಗಣಿಗೆ ಕಾಡು ಕೊಡಬೇಡಿ ಅಂದಿತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರೇ ಅದನ್ನು ಬದಿಗಿಟ್ಟು ಕೊಟ್ಟರು. 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಅರಣ್ಯ ಅನುಮತಿಯನ್ನು (ಗಣಿಗೆ ಕಾಡು ಕೊಡುವ ಒಪ್ಪಿಗೆ, ಇದು ಪರಿಸರ ಅನುಮತಿಗಿಂತ ಬೇರೆ) ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್‌ನಲ್ಲಿ ಗಣಿ ಮುಂದುವರಿಯಲು ಅವಕಾಶ ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಹಳ್ಳಿಯವರು ಸುಮಾರು 300 ಕಿಲೋಮೀಟರ್ ನಡೆದು ರಾಯಪುರಕ್ಕೆ ಬಂದರು. ಗ್ರಾಮ ಸಭೆಯ ಒಪ್ಪಿಗೆ ಅಂತ ತೋರಿಸಿರುವ ಕಾಗದ ನಕಲಿ ಅನ್ನುವುದು ಅವರ ದೂರು. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ರಾಯಪುರಕ್ಕೆ ಹೋದರು, ಕಲ್ಲಿದ್ದಲು ಕೊಡಿ, ಇಲ್ಲದಿದ್ದರೆ ನಮ್ಮ ಸ್ಥಾವರಗಳು ನಿಲ್ಲುತ್ತವೆ ಅಂತ ಕೇಳಿದರು. ಎರಡೂ ಕಡೆ ಒಂದೇ ಪಕ್ಷದ ಸರ್ಕಾರ. ಒಪ್ಪಿಗೆ ಸಿಕ್ಕಿತು. ಜುಲೈ ತಿಂಗಳಲ್ಲಿ ಅದೇ ಛತ್ತೀಸಗಡದ ವಿಧಾನಸಭೆ ಹಸ್‌ದೇವ್‌ನ ಗಣಿ ಬ್ಲಾಕ್‌ಗಳನ್ನು ರದ್ದು ಮಾಡಬೇಕು ಅಂತ ಸರ್ವಾನುಮತದ ನಿರ್ಣಯ ಮಾಡಿತು! ಆಮೇಲೆ ಸರ್ಕಾರ ಬದಲಾಯಿತು, 2023ರ ಡಿಸೆಂಬರ್‌ನಲ್ಲಿ ಪೊಲೀಸ್ ಕಾವಲಿನಲ್ಲಿ ಮರ ಕಡಿದರು. ಯಾವ ಪಕ್ಷವೂ ಇದರಲ್ಲಿ ಸಾಚಾ ಅಲ್ಲ, ಅದಕ್ಕೇ ಇಷ್ಟು ವಿವರ ಹೇಳಿದೆ.

ಭಾರತೀಯ ವನ್ಯಜೀವಿ ಸಂಸ್ಥೆ ಈ ಕಾಡಿನ ಬಗ್ಗೆ ವರದಿ ಕೊಟ್ಟಾಗ ಒಂದು ಮಾತು ಹೇಳಿತ್ತು. ದೇಶದ ಆನೆಗಳಲ್ಲಿ ಛತ್ತೀಸಗಡದಲ್ಲಿರುವುದು ಶೇ 1ಕ್ಕಿಂತ ಕಡಿಮೆ. ಆದರೆ ಆನೆ ದಾಳಿಯಲ್ಲಿ ಸಾಯುವ ಜನರಲ್ಲಿ ಶೇ 15ಕ್ಕಿಂತ ಜಾಸ್ತಿ ಅಲ್ಲಿಯವರು. ಹಾಸನ, ಕೊಡಗಿನವರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಆಗುತ್ತದೆ. ಕಾಡು ತುಂಡಾದರೆ ಆನೆ ತೋಟಕ್ಕೆ ಬರುತ್ತದೆ.

ಜೈಪುರದಲ್ಲಿ ಸ್ವಿಚ್ ಹಾಕುವವನಿಗೆ ಈ ಯಾವುದೂ ಗೊತ್ತಿರಬೇಕಾಗಿಲ್ಲ. ಗೊತ್ತಾಗುವ ಹಾಗೆ ಯಾರೂ ಮಾಡಿಲ್ಲ. ಬಳ್ಳಾರಿ, ಬೆಂಗಳೂರಿನಲ್ಲಿ ಸ್ವಿಚ್ ಹಾಕುವವರದ್ದೂ ಇದೇ ಕಥೆ.

ನಮ್ಮ ನೆಲದ ವಿಷಯ ಬಂದಾಗ ನಾವು ಹೀಗಿರುವುದಿಲ್ಲ, ಅದನ್ನೂ ಹೇಳಬೇಕು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು. 2011ರಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ವರದಿ, ಅದೇ ಜುಲೈ ಕೊನೆಗೆ ಬಳ್ಳಾರಿಯ ಅದಿರು ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕೇಂದ್ರ ಸರ್ಕಾರದ ಕೆಐಒಸಿಎಲ್ ಕಂಪನಿಯ ಗಣಿಗೆ ಕೇಂದ್ರ ಸಚಿವ ಕುಮಾರಸ್ವಾಮಿ ಸಹಿ ಹಾಕಿದರು. ನಮ್ಮ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಅರಣ್ಯ ಭೂಮಿ ಹಸ್ತಾಂತರ ಮಾಡಬೇಡಿ ಅಂತ ಅಧಿಕಾರಿಗಳಿಗೆ ಸೂಚಿಸಿದರು, ಹಳೆಯ ಉಲ್ಲಂಘನೆ ಮೊದಲು ಸರಿಪಡಿಸಿ ಅಂದರು. ಅದರಲ್ಲಿ ರಾಜಕೀಯ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೂ ಕೇಳಿದ ಪ್ರಶ್ನೆ ಸರಿಯಾಗಿತ್ತು. ಹಳೆಯ ಷರತ್ತು ಪಾಲಿಸಿದ್ದೀರಾ? ಆ ಪ್ರಶ್ನೆಯನ್ನು ಅದೇ ಸರ್ಕಾರ ತನ್ನ ಕೆಪಿಸಿಎಲ್‌ಗೆ ಬರಾಂಜ್ ಬಗ್ಗೆ ಕೇಳಬೇಕು ಅಲ್ವಾ? ಸಂಡೂರಿನ ಬೆಟ್ಟಕ್ಕೊಂದು ನ್ಯಾಯ, ವಿದರ್ಭದ ಹೊಲಕ್ಕೊಂದು ನ್ಯಾಯ ಯಾಕೆ?

ಅನುಮತಿಯ ಕಾಗದ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಏನಾಗುತ್ತದೆ ಅನ್ನುವುದೂ ಇದರಲ್ಲಿದೆ. 2006ರ ಅಧಿಸೂಚನೆ ಪ್ರಕಾರ, ಹಳೆಯ ಮಾಲೀಕ ತನ್ನ ಆಕ್ಷೇಪ ಇಲ್ಲ ಅಂತ ಬರೆದುಕೊಟ್ಟರೆ ಪರಿಸರ ಅನುಮತಿಯನ್ನು ಹೊಸ ಮಾಲೀಕನಿಗೆ ವರ್ಗ ಮಾಡಬಹುದು. ಅನುಮತಿಯ ಅವಧಿ ಅದೇ, ಷರತ್ತು ಅವೇ. ಊರಿನವರನ್ನು ಮತ್ತೆ ಕೇಳುವುದಿಲ್ಲ. ಮೊದಲಿನವರು ಕೊಟ್ಟ ಮಾತು, ಮನೆ ಕಟ್ಟಿಕೊಡುತ್ತೇವೆ, ಕೆಲಸ ಕೊಡುತ್ತೇವೆ ಅಂದಿದ್ದು, ಅದರ ಹೊಣೆ ಈಗ ಯಾರದು? ಹಳೆಯ ಕಂಪನಿ ಅಂತ ಹೊಸಬರು ತೋರಿಸುತ್ತಾರೆ, ಹಂಚಿಕೆ ರದ್ದಾಯಿತಲ್ಲ ಅಂತ ಹಳಬರು ಕೈತೊಳೆಯುತ್ತಾರೆ. 2014ರ ಸುಪ್ರೀಂ ಕೋರ್ಟ್ ತೀರ್ಪನ್ನು ನಾವೆಲ್ಲ ಭ್ರಷ್ಟಾಚಾರದ ವಿರುದ್ಧದ ಜಯ ಅಂತ ಓದಿದೆವು, ಅದು ನಿಜವೂ ಹೌದು. ಆದರೆ ಜಮೀನು ಕೊಟ್ಟು ಮನೆಗೆ ಕಾಯುತ್ತಿದ್ದ ಕುಟುಂಬಕ್ಕೆ ಆ ತೀರ್ಪು ಏನು ಮಾಡಿತು ಅಂತ ಯಾರೂ ಬರೆಯಲಿಲ್ಲ.

ಕೋರ್ಟಿಗೆ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ಹೋಗಬಹುದು. ಅನುಮತಿ ಕೊಟ್ಟ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ. ಒಟ್ಟು 90 ದಾಟಿದರೆ ಮುಗಿಯಿತು, ಕಾರಣ ಎಷ್ಟೇ ಒಳ್ಳೆಯದಿದ್ದರೂ ಕೇಳುವುದಿಲ್ಲ. ಇಂಗ್ಲಿಷ್ ಕಾಗದ ದೆಹಲಿಯಲ್ಲಿ ಸಹಿ ಆದದ್ದು ಹಳ್ಳಿಗೆ ಗೊತ್ತಾಗಿ, ವಕೀಲರು ಸಿಕ್ಕಿ, ದುಡ್ಡು ಕೂಡಿಸಿ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. 2009ರಲ್ಲಿ ಗೋವಾದ ಒಂದು ಗಣಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಜನ ಎತ್ತಿದ ಆಕ್ಷೇಪಗಳನ್ನು ತಜ್ಞರ ಸಮಿತಿ ಕಾರಣ ಕೊಟ್ಟು ಪರಿಶೀಲಿಸಬೇಕು, ಒಂದೇ ದಿನ ರಾಶಿ ಅರ್ಜಿ ಎತ್ತಿಕೊಂಡು ಕೂರಬಾರದು ಅಂತ ಹೇಳಿತ್ತು. ಒಳ್ಳೆಯ ತೀರ್ಪು. ಅದು ಎಷ್ಟು ನಡೆಯುತ್ತಿದೆ ಅಂತ ಸಮಿತಿಯ ಸಭಾ ನಡಾವಳಿ ಓದಿದವರಿಗೆ ಗೊತ್ತು. ಆ ನಡಾವಳಿಗಳು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ, ಯಾರು ಬೇಕಾದರೂ ಓದಬಹುದು. ಇಂಗ್ಲಿಷ್ ಬಂದರೆ.

ಬೇಡ ಅಂದಾಗ ಬೇಡ ಅಂತಲೇ ಆದ ಉದಾಹರಣೆ ಇಲ್ಲವೇ ಅಂದರೆ, ಇದೆ. ಒಡಿಶಾದ ನಿಯಮಗಿರಿ. ಅದು ಬಾಕ್ಸೈಟ್. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮ ಸಭೆಗಳನ್ನೇ ಕೇಳಿ ಅಂದಿತು, 12 ಹಳ್ಳಿಗಳನ್ನು ಕೇಳಿದರು, ಹನ್ನೆರಡೂ ಬೇಡ ಅಂದವು, ಗಣಿ ನಿಂತಿತು. ಅಲ್ಲಿ ಕೆಲಸ ಮಾಡಿದ್ದು ಅರಣ್ಯ ಹಕ್ಕು ಕಾಯ್ದೆ, ಗ್ರಾಮ ಸಭೆಯ ಒಪ್ಪಿಗೆ. ಪರಿಸರ ಅನುಮತಿಯ ಆಲಿಕೆ ಸಭೆಗೆ ಆ ಶಕ್ತಿ ಇಲ್ಲ. ಅಲ್ಲಿ ಎಲ್ಲರೂ ಬೇಡ ಅಂದರೂ ಅನುಮತಿ ಕೊಡಬಹುದು. ಜನ ಹೇಳಿದ್ದಕ್ಕೆ ಕಂಪನಿ ಒಂದು ಉತ್ತರ ಬರೆದು ವರದಿಗೆ ಸೇರಿಸಿದರೆ ಆಯಿತು. ಅಷ್ಟು ಮಾತ್ರ ಇದ್ದ ಆ ಸಭೆಯನ್ನೂ ತೆಗೆದುಹಾಕುತ್ತಾ ಬಂದಿದ್ದಾರೆ ಅನ್ನುವುದು ನನ್ನ ಸಿಟ್ಟು.

2024–25ರಲ್ಲಿ ದೇಶ ಒಂದೇ ವರ್ಷಕ್ಕೆ 100 ಕೋಟಿ ಟನ್ ಕಲ್ಲಿದ್ದಲು ತೆಗೆದು ದಾಖಲೆ ಮಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲಿ. ಆ 100 ಕೋಟಿ ಟನ್‌ನಲ್ಲಿ ಎಷ್ಟು ಟನ್ನಿಗೆ ಹೊಸದಾಗಿ ಊರವರನ್ನು ಕೇಳಿದ್ದಾರೆ, ಎಷ್ಟು ಟನ್ ಹಳೆಯ ಸಭೆಯ ಹೆಸರಲ್ಲಿ ಮೇಲೆ ಬಂತು ಅಂತ ಒಂದು ಲೆಕ್ಕ ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು. ನಮ್ಮಿಂದ 28 ಜನ ಲೋಕಸಭೆಗೆ ಹೋಗಿದ್ದಾರೆ.

ಕೇಂದ್ರದ ನಿಯಮ ಬದಲಾಯಿಸುವುದು ನಮ್ಮ ಕೈಯಲ್ಲಿ ಇಲ್ಲ ಅಂತ ಬೆಂಗಳೂರಿನವರು ಹೇಳುತ್ತಾರೆ. ಆಗಲಿ. ತಮ್ಮ ಕೈಯಲ್ಲಿ ಇರುವುದನ್ನು ಮಾಡಲಿ. ಬರಾಂಜ್ ಗಣಿಯ ಪರಿಸರ ಅನುಮತಿ ಪತ್ರ, ಅದರ ಷರತ್ತುಗಳು, ಮೊದಲು ನಡೆದ ಆಲಿಕೆ ಸಭೆಯಲ್ಲಿ ಜನ ಹೇಳಿದ್ದರ ನಡಾವಳಿ, ಇಷ್ಟನ್ನೂ ಕೆಪಿಸಿಎಲ್ ತನ್ನ ಜಾಲತಾಣದಲ್ಲಿ ಕನ್ನಡದಲ್ಲಿ ಹಾಕಲಿ. ಮರಾಠಿಯಲ್ಲೂ ಹಾಕಲಿ, ಊರು ಅವರದಲ್ವಾ. ಇದಕ್ಕೆ ದೆಹಲಿಯ ಅಪ್ಪಣೆ ಬೇಡ, ನಾಲ್ಕು ಜನ ಅನುವಾದಕರು ಸಾಕು. ಪುನರ್ವಸತಿ ಆಗಬೇಕಾದ ಕುಟುಂಬ ಎಷ್ಟು, ಆದದ್ದು ಎಷ್ಟು ಅಂತ ಇಂಧನ ಸಚಿವರು ಸದನದಲ್ಲಿ ಹೇಳಲಿ. ಬಳ್ಳಾರಿ, ರಾಯಚೂರಿನ ಶಾಸಕರು ಕೇಳಲಿ. ಅಲ್ಲಿಯ ಕಲ್ಲಿದ್ದಲು ಸುಡುವುದು ಅವರ ಜಿಲ್ಲೆಯಲ್ಲೇ, ಬೂದಿ ಬೀಳುವುದೂ ಅವರ ಮತದಾರರ ತಲೆಯ ಮೇಲೆ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಗಣಿಯವರು ಷರತ್ತು ಪಾಲಿಸಿದ್ದಾರಾ ಅಂತ ಪ್ರತಿ ವರ್ಷ ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ ಅರ್ಧ ವಾರ್ಷಿಕ ವರದಿ ಕೊಡಬೇಕು ಅಂತ ಅದೇ 2006ರ ಅಧಿಸೂಚನೆಯಲ್ಲಿದೆ, ಅವು ಸಾರ್ವಜನಿಕ ದಾಖಲೆ ಅಂತಲೂ ಇದೆ. ಮುಂದಿನ ವರದಿ ಬಂದಾಗ ತರಿಸಿಕೊಳ್ಳಿ. ಒಬ್ಬ ವರದಿಗಾರರನ್ನು ಚಂದ್ರಾಪುರಕ್ಕೆ ಕಳಿಸಿ, ಆ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಾಂಜ್ ಮೊಕಾಸಾದಲ್ಲಿ ಓಡಾಡಿ ಬರಲಿ. ನೀರು ಚಿಮುಕಿಸುತ್ತೇವೆ ಅಂತ ಬರೆದ ರಸ್ತೆಯಲ್ಲಿ ನೀರು ಬಿದ್ದಿದೆಯಾ, ಗಿಡ ನೆಟ್ಟಿದ್ದೇವೆ ಅಂದ ಕಡೆ ಗಿಡ ಇದೆಯಾ, ಬಾವಿಯ ನೀರಿನ ಮಟ್ಟ ಎಷ್ಟಿದೆ, ಊರಿನವರು ಏನನ್ನುತ್ತಾರೆ ಅಂತ ಬರೆಯಲಿ. ರಾಯಚೂರಿನ ರೇಕ್ ಲೆಕ್ಕದ ಪಕ್ಕದಲ್ಲೇ ಅದನ್ನೂ ಹಾಕಿ.

ಇತಿ ನಿಮ್ಮ ಓದುಗ,
ರಾಯಚೂರು